ಪಾಲಿನ ಗಾಳಿ

ನನ್ನ ಹೆಸರು ಪಾರವ್ವ. ಸಂಶಯದ ಪಾರವ್ವ ಅಂದರೆ ಊರಲ್ಲಿ ಬೇಗ ಗೊತ್ತಾಗುತ್ತದೆ. ಮದುವೆಯಾದ ಹೊಸದರಲ್ಲಿ ನಮ್ಮವರು ಪೇಟೆಯಿಂದ ಒಂದು ಪಾವು ಪೇಢೆ ತಂದರೆ, "ಏನ್ ತಪ್ಪು ಮಾಡಿ ಬಂದೀರಿ, ಮೊದಲ ಅದನ್ನ ಹೇಳ್ರಿ" ಅಂದವಳು ನಾನು. ಹಪ್ಪಳ ಮಾರುವ ಹೆಂಗಸು ಹೀಗಿರಲೇಬೇಕು. ಉದ್ದಿನಬೇಳೆ ಅಂಗಡಿಯವನನ್ನು ನಂಬಿದರೆ ಚೀಲದಲ್ಲಿ ಬೇಳೆಗಿಂತ ಹರಳೇ ಹೆಚ್ಚು ಬರುತ್ತವೆ. ಜನ ನಗಲಿ ಬಿಡಿ. ನಗುವವರ ಮನೆಯಲ್ಲೂ ಹರಳು ಕಡಿದು ಹಲ್ಲು ಮುರಿದುಕೊಂಡವರು ಇದ್ದಾರೆ.

ನಮ್ಮ ಊರಲ್ಲಿ ಗಾಳಿ ತಾನಾಗಿ ಬೀಸುವುದಿಲ್ಲ. ಕಂಪನಿ ಬಿಟ್ಟರೆ ಬೀಸುತ್ತದೆ. ಹಗಲು ರಾಶಿ ತೂರುವವರು, ಬಟ್ಟೆ ಒಣಗಿಸುವವರು ಬಾಡಿಗೆ ಕಟ್ಟಿ ತಮಗೆ ಬೇಕಾದಷ್ಟು ಗಾಳಿ ತರಿಸಿಕೊಳ್ಳುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿನ ಗಾಳಿ ಮಾತ್ರ ಮಾರಾಟಕ್ಕಿಲ್ಲ, ಅದು ಪಾಲುದಾರರದು. ಕಂಪನಿಯಲ್ಲಿ ಯಾರ ಪಾಲು ಎಷ್ಟೋ ಅವರ ಬಾಗಿಲಿಗೆ ಅಷ್ಟು ಗಾಳಿ. ಪಾಲಿಲ್ಲದ ಮನೆಯಲ್ಲಿ ದೀಪದ ಕುಡಿ ಕೂಡ ಅಲ್ಲಾಡುವುದಿಲ್ಲ. ಹೆಣ್ಣು ಕೊಡುವವರು ಬಂದಾಗ ಹೊಲ ಎಷ್ಟು, ಎಮ್ಮೆ ಎಷ್ಟು ಅಂತ ಕೇಳುವುದು ಆಮೇಲೆ. ಮೊದಲು, "ಸಂಜೀ ಗಾಳಿ ಹೆಂಗ್ರಿ ನಿಮ್ಮನ್ಯಾಗ?" ಅಂತಲೇ ಕೇಳುತ್ತಾರೆ.

ಕಂಪನಿ ಅಂದರೆ ಒಂದಲ್ಲ. ನೀರಿನದು ಬೇರೆ, ದೀಪದ್ದು ಬೇರೆ, ಗಾಳಿಯದು ಬೇರೆ. ಮೂರಕ್ಕೂ ಮೇಲೊಂದು ತಾಯಿ ಕಂಪನಿ. ಈ ತಾಯಿ ಸ್ವತಃ ಒಲೆ ಹಚ್ಚುವವಳಲ್ಲ. ಮೂರೂ ಹೆಣ್ಣುಮಕ್ಕಳ ಮನೆಯಿಂದ ಬುತ್ತಿ ತರಿಸಿಕೊಂಡು, ಅದರಲ್ಲಿ ಪಾಲುದಾರರಿಗೆ ಬಡಿಸುತ್ತಾಳೆ. ನೀರಿನವಳಾಗಲಿ ದೀಪದವಳಾಗಲಿ ಎಷ್ಟೇ ಗಳಿಸಲಿ, ನಮ್ಮ ಎಲೆಗೆ ಬರುವುದು ಗಾಳಿಯಾಗಿಯೇ. ಹೇಗೆ ಅಂತ ಕೇಳಬೇಡಿ. ನಮ್ಮತ್ತೆಯೂ ಕೇಳಿರಲಿಲ್ಲ, ಅವರತ್ತೆಯೂ ಕೇಳಿರಲಿಲ್ಲ.

ನಮ್ಮ ಮನೆಗೆ ಇಷ್ಟು ಗಾಳಿ ಅಂತ ಬಾಯಿಬಿಟ್ಟು ಹೇಳಿಕೊಳ್ಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅದಕ್ಕೇ ಬಾಗಿಲಿಗೆ ಕೌದಿ ಕಟ್ಟುತ್ತೇವೆ. ಹಳೆ ಸೀರೆ, ಹಳೆ ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ ಹೊಲಿದ ದಪ್ಪ ಕೌದಿ. ಸಂಜೆ ಗಾಳಿಗೆ ಅದು ಹೊಸ್ತಿಲಿನಿಂದ ಎಷ್ಟು ಮೇಲೆದ್ದಿತೋ ಅಷ್ಟು ಆ ಮನೆಯ ಮಾನ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತ, ನೋಡದವರ ಹಾಗೆ ಎಲ್ಲರ ಕೌದಿಯನ್ನೂ ನೋಡುತ್ತಾರೆ.

ನಮಗೆ ಪಾಲು ಬಂದದ್ದು ನಮ್ಮವರ ನೌಕರಿಯಿಂದ. ನಮ್ಮವರು, ಅಂದರೆ ಅಡಿವೆಪ್ಪ, ಊರಿಗೆ ಗಾಳಿ ಹಾಯಿಸುವ ಕಂಪನಿಯ ಸುರಂಗದಲ್ಲಿ ದುಡಿದವರು. ಕಂಪನಿ ಸಂಬಳದ ಜೊತೆಗೆ ಪಾಲೂ ಕೊಡುತ್ತಿತ್ತು. ಕೊಟ್ಟದ್ದು ಕೂಡಲೇ ಕೈಗೆ ಬರುವುದಿಲ್ಲ, ಮಾಗಬೇಕು. ನಿವೃತ್ತಿಯ ತನಕ ಇದ್ದರೆ ಹಣ್ಣು, ನಡುವೆ ಬಿಟ್ಟರೆ ಕಾಯಿಯಾಗಿಯೇ ಉದುರಿತು. ಸುರಂಗದ ದೂಳು ಕುಡಿದು ಅವರ ಎದೆ ಗೊರಗೊರ ಅನ್ನತೊಡಗಿದಾಗಲೇ ನಾನು, "ಬಿಟ್ಟ ಬರ್ರಿ ಆ ಸುಡಗಾಡ ನೌಕರಿ" ಅಂದಿದ್ದೆ. "ಪಾಲು ಇನ್ನಾ ಮಾಗಿಲ್ಲಲೇ ಹುಚ್ಚಿ" ಅಂದರು. ಪಾಲು ಮಾಗಿತು. ಅಷ್ಟರಲ್ಲಿ ಎದೆ ಹಾಳಾಗಿತ್ತು. ಬಾಡಿಗೆ ಗಾಳಿ ತರಿಸುವಷ್ಟು ದುಡ್ಡು ಹಪ್ಪಳದಲ್ಲಿ ಹುಟ್ಟುವುದಿಲ್ಲ, ಹಗಲೆಲ್ಲ ದಿಂಬಿಗೆ ಒರಗಿ ಉಬ್ಬಸದಲ್ಲಿ ಒದ್ದಾಡುತ್ತಿದ್ದರು. ಸಂಜೆ ಪಾಲಿನ ಗಾಳಿ ಬಂದ ಮೇಲೆಯೇ ಉಸಿರು ನೆಟ್ಟಗಾಗಿ ಎರಡು ತುತ್ತು ಗಂಟಲಲ್ಲಿ ಇಳಿಯುತ್ತಿತ್ತು. ಡಾಕ್ಟರೂ ಅದನ್ನೇ ಅಂದಿದ್ದರು: "ಔಷಧ ಹೆಸರಿಗಷ್ಟ ಯವ್ವಾ. ಆ ಸಂಜೀ ಗಾಳಿ ಇರೂತನಾ ಅವರು ಇರ್ತಾರ." ಈ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು.

ಹೀಗಿರುವಾಗ ತಾಯಿ ಕಂಪನಿಗೆ ಪರ್ವತೀಕರ ಸಾಹೇಬರು ಚೇರ್ಮನ್ ಆಗಿ ಬಂದರು. ಬಿಳಿ ಬಟ್ಟೆ, ಬರಿಗೈ, ಕೈಗೆ ಗಡಿಯಾರ ಕೂಡ ಇಲ್ಲ. ಬಂದವರೇ ಚೌಕದಲ್ಲಿ ನಿಂತು, "ನನಗ ಒಂದು ಪೈಸೆ ಸಂಬಳ ಬ್ಯಾಡ್ರಿ. ಕಂಪನಿ ಬೆಳದ್ರ ನಾ ಬೆಳೀತೀನಿ. ಏನರ ಕೊಡೂದಿದ್ರ ನಾಕು ಪಾಲು ಕೊಡ್ರಿ, ಸಾಕು" ಅಂದರು. ಜನಕ್ಕೆ ಕಣ್ಣಲ್ಲಿ ನೀರು. ಹೂವಿನ ಹಾರ ಹಾಕಿದ್ದೇ ಹಾಕಿದ್ದು. ಅವರನ್ನು ನೋಡಿ ಕೆಳಗಿನ ಸಾಹೇಬರುಗಳೂ ಒಬ್ಬೊಬ್ಬರಾಗಿ ಸಂಬಳ ಬಿಟ್ಟು ಪಾಲು ಹಿಡಿದರು.

ನನಗೆ ಮಾತ್ರ ಆವತ್ತೇ ಸಂಶಯ. ಮನೆಗೆ ಬಂದು, "ಏನ್ರೀ, ಸಂಬಳ ಬ್ಯಾಡ ಅಂದ್ರ ಈ ಮನಷ್ಯಾ ಉಣ್ಣೂದೇನು?" ಅಂದೆ.

"ಎಲ್ಲಾರನೂ ಬ್ಯಾಳಿ ಅಂಗಡಿಯಾಂವ ಅಂತ ತಿಳೀಬ್ಯಾಡ" ಅಂತ ನಮ್ಮವರು ಗದರಿದರು. "ಕಂಪನಿ ನಮಗ ಅನ್ನ ಕೊಟ್ಟೈತಿ. ಅದರ ಬಗ್ಗೆ ಕೆಟ್ಟ ಬಾಯಿ ಬ್ಯಾಡ."

"ಬೆಳ್ಳಗಿದ್ದದ್ದೆಲ್ಲಾ ಹಾಲಲ್ರೀ."

"ನಿನ್ನ ಕಣ್ಣಿಗೆ ಹಾಲೂ ಸುಣ್ಣನ!" ಅಂದು ಕೆಮ್ಮತೊಡಗಿದರು. ಬೆನ್ನು ತಿಕ್ಕಿದೆ.

ಆ ವರ್ಷದ ಕೊನೆಯಿಂದ ನಮ್ಮ ಬಾಗಿಲ ಕೌದಿ ಸೋಮಾರಿಯಾಯಿತು. ಮೊಣಕಾಲಿನ ತನಕ ಏಳುತ್ತಿದ್ದದ್ದು ಗೇಣಿಗೆ ಇಳಿಯಿತು. ಆಮೇಲೆ ಅಂಚಷ್ಟೇ ಅಲ್ಲಾಡಿಸಿ ಸುಮ್ಮನಾಗತೊಡಗಿತು. ನಮ್ಮವರ ತುತ್ತೂ ಕಡಿಮೆಯಾಯಿತು. ರೊಟ್ಟಿ ಮುರಿಯುವರು, ಅರ್ಧಕ್ಕೇ ತಟ್ಟೆ ಸರಿಸುವರು. ನಾನು ಓಣಿಯಲ್ಲಿ ಕಣ್ಣಾಡಿಸಿದೆ. ಉಳಿದವರ ಕೌದಿ ಮೊದಲಿನ ಹಾಗೆಯೇ ಹಾರುತ್ತಿದ್ದವು. ಕೆಲವು ಮೊದಲಿಗಿಂತ ಜೋರಾಗಿಯೇ! ಅಂದರೆ ನಮ್ಮ ಒಬ್ಬರ ಮನೆಯ ಗಾಳಿಯನ್ನೇ ಯಾರೋ ಹೊಡೆಯುತ್ತಿದ್ದಾರೆ. ಕಂಪನಿಗೆ ಹೋಗಿ ಹೇಳೋಣವೆಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಗಾಳಿ ಬಿದ್ದ ಮನೆಯ ಹಪ್ಪಳ ಯಾರು ಕೊಂಡಾರು? ಸರಿಯಾಗಿ ಆರಿಲ್ಲ ಅಂತ ಮೂಗು ಮುರಿಯುತ್ತಾರೆ.

ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೌದಿಯ ಒಂದು ಬದಿಯ ಹೊಲಿಗೆ ಬಿಚ್ಚಿದೆ. ಒಳಗಿನ ಪದರ ಒಂದೊಂದಾಗಿ ಎಳೆದು ತೆಗೆದೆ. ನಮ್ಮತ್ತೆಯ ಇಳಕಲ್ಲ ಸೀರೆ ಬಂತು, ಮಾವನ ಧೋತರ ಬಂತು, ನನ್ನ ಬಾಣಂತನದ ಹಚ್ಚಡ ಬಂತು. ಸತ್ತವರನ್ನು ಎಬ್ಬಿಸಿದಂತಾಗಿ ಅಳು ಬಂತು. ಮೇಲಿನ ಅರಿವೆ, ಕೆಳಗಿನ ಅರಿವೆ ಎರಡನ್ನೇ ಉಳಿಸಿ ಮತ್ತೆ ಹೊಲಿದೆ. ಅಂಚು ಭಾರವಾಗಿ ಕಾಣಲಿ ಅಂತ ಅಲ್ಲಿ ಮಾತ್ರ ಒಂದು ದಪ್ಪ ಪಟ್ಟಿ ಕೊಟ್ಟೆ. ಆವತ್ತು ಸಂಜೆ ನಮ್ಮ ಕೌದಿ ಮತ್ತೆ ಮೊಣಕಾಲಿಗೆ ಎದ್ದಿತು. ನಮ್ಮವರು ಮಲಗಿದಲ್ಲಿಂದಲೇ ನೋಡಿ, "ನೋಡ, ಕಂಪನಿ ಸುಧಾರಿಸ್ತು" ಅಂದರು. ಅಂದವರು ಆ ದಿನವೂ ಅರ್ಧ ರೊಟ್ಟಿ ಬಿಟ್ಟರು.

ಓಣಿಯ ಕಣ್ಣಿಗೆ ಮಣ್ಣೆರಚಿದ್ದಾಯಿತು. ಇನ್ನು ಕಳ್ಳರನ್ನು ಹಿಡಿಯಬೇಕು. ನನ್ನ ಸಂಶಯ ನೆಟ್ಟಗೆ ಹೋಗಿ ನಿಂತದ್ದು ಮಗ್ಗುಲ ಮನೆಯ ಹಾಲವ್ವನ ಮೇಲೆ. ಅವಳಿಗೆ ತೀರಿಕೊಂಡ ಗಂಡನ ಪಾಲು ಬಂದಿತ್ತು, ಶಾವಿಗೆ ಹೊಸೆದು ಮಾರಿ ಬದುಕುತ್ತಿದ್ದಳು. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಅವಳ ಕೌದಿಯೋ, ಗಿಳಿ ರೆಕ್ಕೆ ಬಡಿದ ಹಾಗೆ ಬಡಿಯುತ್ತಿತ್ತು. ಒಂಟಿ ಹೆಂಗಸಿಗೆ ಅಷ್ಟು ಗಾಳಿ ಎಲ್ಲಿಂದ? ಗೋಡೆಯಲ್ಲಿ ಎಲ್ಲೋ ಸಂದು ಕೊರೆದಿದ್ದಾಳೆ ಅಂತ ಊದಿನಕಡ್ಡಿ ಹಚ್ಚಿ ಗೋಡೆಯುದ್ದಕ್ಕೂ ಹಿಡಿದೆ. ಹೊಗೆ ಆಚೆ ಎಳೆದರೆ ಅಲ್ಲೇ ಸಂದು. ಹೊಗೆ ನೆಟ್ಟಗೇ ಏರಿತು. ಆದರೆ ಆಚೆ ಮನೆಯಿಂದಲೂ ಊದಿನಕಡ್ಡಿಯ ವಾಸನೆ ಬಂತು. ಪೂಜೆಯ ಹೊತ್ತಲ್ಲ, ಹಬ್ಬವಲ್ಲ. ಕದ್ದದ್ದು ದಕ್ಕಲಿ ಅಂತ ದೇವರಿಗೆ ಬೇರೆ ಬೆಳಗುತ್ತಾಳಲ್ಲ ಇವಳು ಅಂತ ನನಗೆ ಮೈಯೆಲ್ಲ ಉರಿಯಿತು.

ಮರುದಿನ ನಲ್ಲಿಯ ಹತ್ತಿರ ಸಿಕ್ಕಳು. ನಾನು ಕೊಡ ಇಟ್ಟವಳೇ, "ಕೆಲವರ ಮನ್ಯಾಗ ಗಾಳಿ ಭಾಳ ಆಗೇತಪಾ" ಅಂದೆ.

"ಹೌದಕ್ಕಾ. ಮಂದಿ ಪಾಲು ತಿಂದವ್ರ ಮನ್ಯಾಗ ಆಗೂದ ಹಂಗ" ಅಂದಳು ಅವಳು, ನನ್ನನ್ನೇ ನೋಡುತ್ತ.

"ಯಾರಿಗಂತೀಯ ಆ ಮಾತು?"

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಯಾಕ ಮುಟ್ಟಿ ನೋಡ್ಕೋತಿ? ನಿನ್ನ ಕೌದಿ ಹಾರೂದು ನಾ ನೋಡಿಲ್ಲೇನು? ಜಡ್ಡಿನ ಗಂಡನ್ನ ಮುಂದ ಇಟ್ಕೊಂಡು ಮಂದಿ ಮನಿ ಗಾಳಿ ಎಳ್ಕೊಳ್ಳಾಕತ್ತಿ!"

ನಾಲಿಗೆ ಅಂದಮೇಲೆ ಅದಕ್ಕೆ ಎಲುಬಿಲ್ಲ. ಅವಳು ನನ್ನ ಹಪ್ಪಳಕ್ಕೆ ಸೋಡಾ ಹೆಚ್ಚು ಅಂದಳು, ನಾನು ಅವಳ ಶಾವಿಗೆಯಲ್ಲಿ ಕೂದಲು ಸಿಗುತ್ತದೆ ಅಂದೆ. ಕೊಡ ತುಂಬಿ ನೀರು ಚರಂಡಿಗೆ ಹರಿದರೂ ಇಬ್ಬರಿಗೂ ಖಬರಿರಲಿಲ್ಲ.

ಅದೇ ವಾರ ಕಂಪನಿಯ ಆಟೋ ಮೈಕು ಕಟ್ಟಿಕೊಂಡು ಓಣಿಗೆ ಬಂತು. ಪಾಲುದಾರರ ವಾರ್ಷಿಕ ಸಭೆಗೆ ಎಲ್ಲರೂ ಬರಬೇಕಂತೆ. ಊರಿನ ಕೌದಿಗಳು ಹಿಂದೆಂದೂ ಹಾರದಷ್ಟು ಎತ್ತರಕ್ಕೆ ಹಾರುತ್ತಿವೆಯಂತೆ. ಈ ಸಾಧನೆಗಾಗಿ ಚೇರ್ಮನ್ನರಿಗೂ ಅವರ ಸಾಹೇಬರುಗಳಿಗೂ ಸಭೆಯಲ್ಲಿ ಇನ್ನಷ್ಟು ಪಾಲು ಬಹುಮಾನವಾಗಿ ಕೊಡುತ್ತಾರಂತೆ. ಎಲ್ಲರ ಕೌದಿಯೂ ಹಾರುತ್ತಿದೆಯಂತೆ! ನನ್ನ ಗಂಡ ಒಂದು ರೊಟ್ಟಿಗೆ ಉಸಿರು ಸಾಲದೆ ಕೂತಿದ್ದಾರೆ. ತಲೆ ಕೆಟ್ಟುಹೋಯಿತು. ಕೈಯಲ್ಲಿದ್ದ ಹಿಟ್ಟು ಹಾಗೇ ಬಿಟ್ಟು ಹಾಲವ್ವನ ಬಾಗಿಲಿಗೆ ನುಗ್ಗಿದೆ.

"ಬಾ ಹೊರಗ! ಇವತ್ತ ನಿನ್ನ ಕೌದಿ ಕಿತ್ತು ಓಣ್ಯಾಗ ಒಗೀತೀನಿ!"

ಎರಡೂ ಕೈಯಿಂದ ಕೌದಿಯನ್ನು ಹಿಡಿದು ಮೈಭಾರ ಹಾಕಿ ಎಳೆದೆ. ಅದು ಸೆರಗು ಜಾರಿದ ಹಾಗೆ ಜಾರಿ ಬಂತು. ನಾನು ಅಂಗಾತ ಬೀದಿಗೆ ಬಿದ್ದೆ, ಅದು ನನ್ನ ಮುಖದ ಮೇಲೆ ಬಿತ್ತು. ಅದರೊಳಗಿಂದ ಆಚೆಯ ಬೆಳಕು ಕಾಣುತ್ತಿತ್ತು. ಎದ್ದು ಕೂತು ಬೆರಳಿನಲ್ಲಿ ತಿಕ್ಕಿ ನೋಡಿದೆ. ಮೇಲೊಂದು ಅರಿವೆ, ಕೆಳಗೊಂದು ಅರಿವೆ, ಅಂಚಿಗೆ ದಪ್ಪ ಪಟ್ಟಿ. ಹಾಲವ್ವ ಹೊಸ್ತಿಲಲ್ಲಿ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು.

"ಬೈಯೂದಿದ್ರ ಬೈದ ಬಿಡ ಅಕ್ಕಾ" ಅಂದಳು. "ಗಾಳಿ ಬಿದ್ದು ವರ್ಷಾತು. ಮಂದಿ ನಗ್ತಾರಂತ ಹೊಟ್ಟಿ ಬಗದು ಹೊಲದೇನಿ."

ನಾನು ಅವಳ ಕೈ ಹಿಡಿದು ನಮ್ಮ ಬಾಗಿಲಿಗೆ ಎಳೆದು ತಂದೆ. ನಮ್ಮ ಕೌದಿಯನ್ನು ಅವಳ ಕೈಗೆ ಕೊಟ್ಟೆ. ಮುಟ್ಟಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು, ನನ್ನ ಮುಖ ನೋಡಿದಳು. "ಅಯ್ಯ ನಿನ್ನ!" ಅಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಹೊಸ್ತಿಲ ಮೇಲೆ ಕೂತೆವು. ಆಮೇಲೆ ಅವಳು ಕಣ್ಣೊರೆಸಿಕೊಂಡು, "ಹಂಗಾರ ಗಾಳಿ ಎಲ್ಲಿ ಹೋತು?" ಅಂದಳು.

ಅಲ್ಲಿಗೆ ನನಗೆ ಹೊಳೆಯಿತು. ತಾಯಿ ಕಂಪನಿಯ ಪಾತ್ರೆಯಲ್ಲಿ ಅಂಬಲಿ ಇದ್ದಷ್ಟೇ ಇದೆ. ಸಂಬಳ ಬೇಡ ಅಂದವರೆಲ್ಲ ಬಟ್ಟಲು ಹಿಡಿದು ಪಂಕ್ತಿಯಲ್ಲಿ ಕೂತಿದ್ದಾರೆ. ಪಂಕ್ತಿ ಉದ್ದವಾದಷ್ಟೂ ನಮ್ಮ ಬಟ್ಟಲು ಬರಿದಾಗುತ್ತಿದೆ. ನಮ್ಮ ಪಾಲು ಕಡಿಮೆಯಾಗಿಲ್ಲ, ಕಾಗದದಲ್ಲಿ ಇದ್ದಷ್ಟೇ ಇದೆ. ಪಾಲಿಗೆ ಬರುವ ಗಾಳಿ ಕಡಿಮೆಯಾಗಿದೆ. ನಾವೋ, ಮಾನಕ್ಕಂಜಿ ಕೌದಿಯ ಹೊಟ್ಟೆ ಬಗೆದು ಎಲ್ಲವೂ ಸರಿಯಿದೆ ಅಂತ ಊರಿಗೆ ಬಾವುಟ ಹಾರಿಸಿದೆವು. ಅದನ್ನೇ ತೋರಿಸಿ ಅವರು ಇನ್ನೊಂದು ಬಟ್ಟಲು ಕೇಳುತ್ತಿದ್ದಾರೆ. ಇದು ನಡೆದರೆ ನಮ್ಮ ಬಾಗಿಲಿಗೆ ಏನೂ ಉಳಿಯುವುದಿಲ್ಲ, ಅಡಿವೆಪ್ಪ ಉಳಿಯುವುದಿಲ್ಲ.

ಸಭೆಯ ದಿನ ಕಂಪನಿಯವರು ಪೆಂಡಾಲಿನೊಳಗೆ ಧಾರಾಳ ಗಾಳಿ ಬಿಟ್ಟಿದ್ದರು. ಬಣ್ಣದ ಕಾಗದದ ಪರಪರಿ ಪಟಪಟ ಅನ್ನುತ್ತಿತ್ತು. ಚುರುಮುರಿ, ಚಹಾ ಬೇರೆ. ಪಾಲು ನಮ್ಮವರ ಹೆಸರಿನಲ್ಲಿ ಇದ್ದದ್ದರಿಂದ ಕೈ ಎತ್ತಬೇಕಾದವರು ಅವರೇ. ಆಟೋದಲ್ಲಿ ಕೂರಿಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದೆ. ದಾರಿಯಲ್ಲೇ ಎಲ್ಲ ತಿಳಿಸಿ ಹೇಳಿದ್ದೆ. "ಬಹುಮಾನ ಕೊಡೂದು ಬ್ಯಾಡ ಅನ್ನೋರು ಕೈ ಎತ್ರಿ ಅಂದಾಗ ನೀವು ಎತ್ತಬೇಕು. ತಿಳೀತಿಲ್ಲೋ?" ಹೂಂ ಅಂದಿದ್ದರು. ಪೆಂಡಾಲಿನ ಗಾಳಿ ಮೈಗೆ ಬಡಿದದ್ದೇ ಅವರ ಉಸಿರು ನೆಟ್ಟಗಾಯಿತು. ಚುರುಮುರಿಯನ್ನು ಪೂರಾ ತಿಂದರು. ಕಣ್ಣಲ್ಲಿ ಕಳೆ ಬಂದದ್ದು ನೋಡಿ ನನಗೆ ಸಂತೋಷವಾಯಿತು, ಅದರ ಬೆನ್ನಿಗೇ ಸಂಶಯವೂ ಆಯಿತು.

ಪರ್ವತೀಕರ ಸಾಹೇಬರ ಮಾತು ಮುಗಿಯುತ್ತಿದ್ದಂತೆ ನಾನು ಎದ್ದು ನಿಂತೆ. ಬಗಲಲ್ಲಿ ಮುದ್ದೆ ಮಾಡಿ ತಂದಿದ್ದ ಕೌದಿಯನ್ನು ಅವರ ಮೇಜಿನ ಮೇಲೆ ಇಟ್ಟೆ.

"ಸಾಹೇಬ್ರ, ಇದನ್ನೊಮ್ಮೆ ಎತ್ತಿ ನೋಡ್ರಿ. ನಮ್ಮನಿ ಕೌದಿ. ಒಳಗೇನೂ ಇಲ್ಲ. ಗಾಳಿ ಬಿದ್ದದ್ದು ಮುಚ್ಚಾಕ ನಾನ ಬಿಚ್ಚೇನಿ. ನೀವು ಸಂಬಳ ಬ್ಯಾಡ ಅಂದ್ರಿ, ಕೈಮುಗದ್ವಿ. ಆದ್ರ ಇಲ್ಲೀತನಾ ಎಷ್ಟ ಪಾಲು ತಗೊಂಡೀರಿ, ಅದನ್ನ ಈ ಮಂದಿ ಮುಂದ ಹೇಳ್ರಿ."

ಅವರು ಕೌದಿಯನ್ನು ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಹಿಡಿದು, ಮೆಲ್ಲಗೆ ನಕ್ಕರು. "ತಾಯಿ, ಕೌದಿ ಬಿಚ್ಚಿದ್ದು ನೀವು. ಓಣಿ ಮಂದೀನ ಮೋಸ ಮಾಡಿದ್ದೂ ನೀವು. ಇದರಾಗ ಕಂಪನೀದೇನು ತಪ್ಪು ಹೇಳ್ರಿ?"

ಪೆಂಡಾಲಿನಲ್ಲಿ ನಗು ಎದ್ದಿತು. ನಕ್ಕವರಲ್ಲಿ ಹೆಂಗಸರೇ ಹೆಚ್ಚು, ಅದೂ ತಲೆ ತಗ್ಗಿಸಿಕೊಂಡು. ಅವರ ಮನೆಯ ಕೌದಿ ಹೇಗಿದೆ ಅಂತ ನನಗೆ ಈಗ ಕಣ್ಣು ಮುಚ್ಚಿದರೂ ಗೊತ್ತಿತ್ತು. ಯಾರಾದರೂ ಏಳುತ್ತಾರೇನೋ ಅಂತ ನೋಡಿದೆ. ಹಾಲವ್ವ ಒಬ್ಬಳೇ ಎದ್ದಳು. "ನಂದೂ ಪೊಳ್ಳು ಐತ್ರಿ! ಇಲ್ಲಿ ಕುಂತವ್ರೆಲ್ಲಾರದೂ ಪೊಳ್ಳ!" ಅಂತ ಕೂಗಿದಳು. ನಗು ನಿಂತಿತು. ಆದರೆ ಇನ್ನೊಬ್ಬರು ಏಳಲಿಲ್ಲ.

"ಆಗ್ಲಿ, ಪದ್ಧತಿ ಪ್ರಕಾರ ಕೇಳೋಣು" ಅಂದರು ಸಾಹೇಬರು. "ಬಹುಮಾನಕ್ಕ ಒಪ್ಪಿಗಿ ಇದ್ದವ್ರು ಕೈ ಎತ್ರಿ."

ನಾನು ಕೌದಿ ಎತ್ತಿಕೊಂಡು ಬಂದು ಕೂತಿದ್ದೆ, ನನ್ನ ಮಗ್ಗುಲಲ್ಲೇ ಒಂದು ಕೈ ಮೇಲೆದ್ದಿತು. ಒಣಗಿದ ಕೈ, ಸುರಂಗದ ಸುಟ್ಟಗಾಯದ ಕಲೆ ಇದ್ದ ಕೈ. ನಮ್ಮವರದು. ಕಂಪನಿ ಅಂದ ಕೂಡಲೇ ಅದು ತಾನಾಗಿ ಏಳುತ್ತಿತ್ತು, ಮೇಲಾಗಿ ಆ ಗಾಳಿ ಕುಡಿದು ಅವರ ಮುಖ ಅರಳಿತ್ತು. "ಏನ್ ಮಾಡಾಕತ್ತೀರಿ! ಇಳಸ್ರಿ!" ಅಂತ ತೋಳು ಜಗ್ಗಿದೆ. "ಗಾಳಿ ಭಾಳ ಛಲೋ ಬಿಟ್ಟಾರ ಪಾರೀ" ಅಂದರು. ಆಮೇಲೆ ಗೊತ್ತಾಯಿತು, ಅವರೊಬ್ಬರು ಇಳಿಸಿದ್ದರೂ ಏನೂ ಆಗುತ್ತಿರಲಿಲ್ಲ. ಅಲ್ಲಿ ತಲೆಗೊಂದು ಲೆಕ್ಕವಲ್ಲ, ಪಾಲಿಗೊಂದು ಲೆಕ್ಕ. ಪರ್ವತೀಕರ ಸಾಹೇಬರು ತಮ್ಮ ಒಂದು ಕೈ ಎತ್ತಿದ್ದೇ ನಮ್ಮೆಲ್ಲರ ಕೈಗಿಂತ ಭಾರವಾಯಿತು. ಹಾಗಂತ ನನ್ನ ಸಿಟ್ಟೇನೂ ಇಳಿಯಲಿಲ್ಲ. ಮನೆಯ ತನಕ ಅವರ ಕೂಡ ಮಾತಾಡಲಿಲ್ಲ.

ಬಹುಮಾನ ಹಂಚಿದ ಮರುದಿನದಿಂದ ನಮ್ಮ ಬಾಗಿಲಲ್ಲಿ ಪೊಳ್ಳು ಕೌದಿ ಕೂಡ ಅಲ್ಲಾಡಲಿಲ್ಲ. ನಮ್ಮವರು ಉಣ್ಣುವುದು ಬಿಟ್ಟರು. ಗಂಜಿ ಕೊಟ್ಟರೆ ಕೆಮ್ಮಿನ ಜೊತೆಗೆ ಹೊರಗೆ ಬರುತ್ತಿತ್ತು. ತುಟಿ ನೀಲಿಯಾಗುತ್ತ ಬಂತು. ಡಾಕ್ಟರು ಬಂದು ನೋಡಿ, ನನ್ನ ಮುಖ ನೋಡದೆ ಚೀಲ ಕಟ್ಟಿದರು. ಬೀಸಣಿಕೆಯಿಂದ ಬೀಸಿ ಬೀಸಿ ನನ್ನ ರಟ್ಟೆ ಬಿದ್ದುಹೋಗಿತ್ತು. ಒಂದು ಇಳಿಹೊತ್ತು ಹಾಲವ್ವ ಬಾಗಿಲಲ್ಲಿ ಬಂದು ನಿಂತಳು. ಸೀರೆ ಎತ್ತಿ ಕಟ್ಟಿದ್ದಳು, ಕೈಯಲ್ಲಿ ಹಾರೆ.

"ಏಳಕ್ಕಾ, ನಡುವಿನ ಗ್ವಾಡಿ ಕೆಡವೋಣು. ನಿನ್ನ ಬಾಗಿಲಕ್ಕ ಬರೂದು ಒಂಚೂರು, ನನ್ನ ಬಾಗಿಲಕ್ಕ ಬರೂದು ಒಂಚೂರು. ಎರಡೂ ಕೂಡಿದ್ರ ಒಬ್ಬ ಮನಷ್ಯಾಗ ಉಸರಾಡಾಕ ಸಾಕಾದೀತು."

ನನ್ನ ಹುಟ್ಟುಗುಣ ಎಲ್ಲಿ ಹೋಗಬೇಕು? "ಇದರಾಗ ನಿನಗೇನು ಲಾಭ?" ಅಂತ ಕೇಳಿಯೇಬಿಟ್ಟೆ.

"ನಿನ್ನ ಗಂಡ ಕೆಮ್ಮಿದ್ರ ಆಚೀಕಡೆ ನನಗ ನಿದ್ದಿ ಹತ್ತಂಗಿಲ್ಲ. ಅದ ಲಾಭ. ನಡಿ, ಮಂಚ ಸರಸು."

ಮಣ್ಣಿನ ಗೋಡೆ. ನಮ್ಮ ಮಾವನ ಕಾಲದ್ದು, ಆದರೂ ಗಟ್ಟಿ. ಅವಳು ಹಾರೆ ಹಾಕಿದಳು, ನಾನು ಹೆಂಟೆ ಎತ್ತಿ ಹೊರಗೆ ಹಾಕಿದೆ. ನಮ್ಮವರ ಮೂಗಿಗೆ ದೂಳು ಹೋಗದಂತೆ ಒದ್ದೆ ಪಂಚೆ ಕಟ್ಟಿದ್ದೆವು. ಅವರು ಕಣ್ಣು ಬಿಟ್ಟು ನೋಡಿದರು, ಕೇಳಲು ಉಸಿರಿರಲಿಲ್ಲ. ಮಂಚ ಹಿಡಿಯುವಷ್ಟು ದಾರಿಯಾದ ಮೇಲೆ ನೀರು ಚಿಮುಕಿಸಿ, ಅದನ್ನು ಎಳೆದು ನಡುವೆ ಇಟ್ಟೆವು. ಅವರ ತಲೆ ಹಾಲವ್ವನ ಮನೆಯಲ್ಲಿ, ಕಾಲು ನಮ್ಮ ಮನೆಯಲ್ಲಿ. ಎರಡೂ ಬಾಗಿಲ ಕೌದಿ ಕಿತ್ತು ಹಾಕಿ ಕಾಯುತ್ತ ಕೂತೆವು.

ದೀಪದ ಹೊತ್ತಿಗೆ ಬಂತು. ಮೊದಲು ನಮ್ಮ ಕಡೆಯಿಂದ, ಬಂತೋ ಇಲ್ಲವೋ ಅನ್ನುವಷ್ಟು. ಆಮೇಲೆ ಅವಳ ಕಡೆಯಿಂದ. ಎರಡೂ ಮಂಚದ ಹತ್ತಿರ ಕೂಡಿದವು. ನಮ್ಮವರ ಹಣೆಯ ಕೂದಲು ಅಲ್ಲಾಡಿತು. ಎದೆ ಒಮ್ಮೆ ಏರಿತು, ಇಳಿಯಿತು, ಮತ್ತೆ ಏರಿತು. ನಾನು ಹಾಲವ್ವನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದೆ. ಸ್ವಲ್ಪ ಹೊತ್ತಿಗೆ ಅವರು ದಿಂಬಿಗೆ ಒರಗಿ ಕೂತು, "ಹಸಿವ್ಯಾಗೇತಿ" ಅಂದರು. ಹಾಲವ್ವ ತನ್ನ ಒಲೆಯಿಂದ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಂದಳು. ಮುರಿದು ಮುರಿದು ತಿಂದರು. ಕೆಮ್ಮು ಬರಲಿಲ್ಲ.

ತಿನ್ನುತ್ತ ತಿನ್ನುತ್ತ, ಎರಡು ಬಾಗಿಲನ್ನೂ ಬಿದ್ದ ಗೋಡೆಯನ್ನೂ ನೋಡಿ, "ನೋಡ್ದೀ ಪಾರೀ?" ಅಂದರು. "ನಾ ಕೈ ಎತ್ತಿದ್ದು ಪಾಡಾತು. ಸಾಹೇಬ್ರು ನೆನಪಿಟ್ಟು ಗಾಳಿ ಹೆಚ್ಗಿ ಕಳಿಸ್ಯಾರ. ಕಂಪನಿ ನಮ್ಮನ್ನ ಕೈ ಬಿಡಂಗಿಲ್ಲ."

ನನ್ನ ಬಾಯಿ ತೆರೆದೇಬಿಟ್ಟಿತ್ತು. ಇಷ್ಟು ವರ್ಷದ ಸಿಟ್ಟೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹಾಲವ್ವನ ಕಡೆ ನೋಡಿದೆ. ಅವಳ ತಲೆಗೂದಲಿನಿಂದ ಹುಬ್ಬಿನ ತನಕ ಗೋಡೆಯ ಮಣ್ಣು. ಅಂಗೈಯಲ್ಲಿ ಬೊಬ್ಬೆ ಒಡೆದು ನೀರು ಸೋರುತ್ತಿತ್ತು. ಅವಳು ಬೇಡ ಅನ್ನುವ ಹಾಗೆ ತಲೆಯಾಡಿಸಿ, ನಮ್ಮವರಿಗೆ, "ಹೌದ್ರೀ ಮಾವಾ, ಕಂಪನಿ ದೊಡ್ಡದು" ಅಂದಳು.

ನಮ್ಮವರು ತಟ್ಟೆ ಮುಂದೆ ಚಾಚಿದರು. "ಇನ್ನೊಂದ ಹಾಕ" ಅಂದರು. ನಾನು ಹಾಕಿದೆ.